ಕೆರೆಮನೆ ಶಂಭು ಹೆಗಡೆ: ಕುಣಿತದ ಹಿಂದಿನ ಎದೆಬಡಿತ

ಹೊನ್ನಾವರದಿಂದ ಭಟ್ಕಳದ ಕಡೆಗೆ ಸಾಗುವ ದಾರಿಯಲ್ಲಿ, ಕಡಲತೀರಕ್ಕೆ ಅಂಟಿಕೊಂಡಂತೆ ಗುಣವಂತೆ ಎಂಬ ಪುಟ್ಟ ಊರಿದೆ. ಯಕ್ಷಗಾನದ ಬಡಗುತಿಟ್ಟಿಗೆ ಈ ಊರು ಕೊಟ್ಟ ಕೊಡುಗೆ ದೊಡ್ಡದು. ಕೆರೆಮನೆ ಎಂಬ ಒಂದೇ ಮನೆಯ ಹೆಸರು ಮೂರು ತಲೆಮಾರುಗಳ ಕಲಾವಿದರಿಗೆ ಅಂಟಿಕೊಂಡು, ಕ್ರಮೇಣ ಒಂದು ಶೈಲಿಯ ಹೆಸರೇ ಆಗಿಬಿಟ್ಟಿತು. ಆ ಶೈಲಿಗೆ ಆಧುನಿಕ ರಂಗದ ಶಿಸ್ತನ್ನು ತಂದುಕೊಟ್ಟು, ಕರಾವಳಿಯ ಗದ್ದೆಬಯಲಿನ ಆಟವನ್ನು ದೇಶದ ದೊಡ್ಡ ವೇದಿಕೆಗಳಿಗೆ ಕೊಂಡೊಯ್ದವರು ಕೆರೆಮನೆ ಶಂಭು ಹೆಗಡೆ.

ಅವರ ಅಭಿನಯ, ಮಾತುಗಾರಿಕೆ, ಪಾತ್ರಗಳ ಬಗೆಗಿನ ಅವರ ಚಿಂತನೆ ಕುರಿತು ಸಾಕಷ್ಟು ಬರಹಗಳು ಬಂದಿವೆ. ಆದರೆ ಐದು ದಶಕಗಳಿಗೂ ಹೆಚ್ಚು ಕಾಲ ಗೆಜ್ಜೆ ಕಟ್ಟಿದ ಆ ದೇಹ ರಂಗದ ಮೇಲೆ ಮಾಡಿದ ದುಡಿಮೆ ಎಂಥದು ಎಂಬ ಪ್ರಶ್ನೆ ಮುನ್ನೆಲೆಗೆ ಬಂದದ್ದು ಕಡಿಮೆ. 2009ರ ಫೆಬ್ರವರಿಯಲ್ಲಿ ಅವರು ವೇಷದಲ್ಲಿದ್ದಾಗಲೇ ಹೃದಯ ಕೈಕೊಟ್ಟ ಮೇಲೆ ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ.

ತಂದೆಯ ಮೇಳ, ಮಗನ ಹಾದಿ

ಶಂಭು ಹೆಗಡೆಯವರು ಜನಿಸಿದ್ದು 1938ರಲ್ಲಿ. ತಂದೆ ಕೆರೆಮನೆ ಶಿವರಾಮ ಹೆಗಡೆ ಅದಕ್ಕೆ ನಾಲ್ಕು ವರ್ಷ ಮೊದಲೇ, 1934ರಲ್ಲಿ, ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದ್ದರು. 1908ರಲ್ಲಿ ಹುಟ್ಟಿ 2002ರವರೆಗೆ ಬಾಳಿದ ಶಿವರಾಮ ಹೆಗಡೆಯವರು ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದ ಯಕ್ಷಗಾನ ಕಲಾವಿದರು. ಇಂಥ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಚಂಡೆಯ ಪೆಟ್ಟು, ಚೌಕಿಯ ದೀಪ, ಬಣ್ಣದ ವಾಸನೆ ಎಲ್ಲವೂ ಮನೆಮಾತಿನಷ್ಟೇ ಸಹಜವಾಗಿದ್ದವು. ಗಜಾನನ ಹೆಗಡೆ, ಮಹಾಬಲ ಹೆಗಡೆಯವರಂಥ ಕಲಾವಿದರೂ ಇದೇ ಕೆರೆಮನೆಯ ಹೆಸರನ್ನು ಬೆಳಗಿಸಿದವರು.

ಪರಂಪರೆಯಿಂದ ಬಂದದ್ದನ್ನು ಹಾಗೆಯೇ ಮುಂದುವರಿಸಿದ್ದರೂ ಶಂಭು ಹೆಗಡೆ ಒಳ್ಳೆಯ ಕಲಾವಿದರೆನಿಸಿಕೊಳ್ಳುತ್ತಿದ್ದರು. ಅವರು ಅಷ್ಟಕ್ಕೆ ತೃಪ್ತರಾಗಲಿಲ್ಲ. ದೆಹಲಿಗೆ ಹೋಗಿ ನೃತ್ಯಸಂಯೋಜಕಿ ಮಾಯಾರಾವ್ ಅವರಲ್ಲಿ ನೃತ್ಯಸಂಯೋಜನೆಯನ್ನು ಕಲಿತರು. ರಂಗದ ಯಾವ ಭಾಗದಲ್ಲಿ ನಿಂತರೆ ಪಾತ್ರಕ್ಕೆ ತೂಕ ಬರುತ್ತದೆ, ಒಂದು ಚಲನೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಬಿಡುವು ಬೇಕು, ಶಕ್ತಿಯನ್ನು ಎಲ್ಲಿ ಬಳಸಬೇಕು, ಎಲ್ಲಿ ಉಳಿಸಬೇಕು ಎಂಬ ಲೆಕ್ಕಾಚಾರ ಅವರ ಕುಣಿತದಲ್ಲಿ ಕಾಣುತ್ತಿತ್ತು. 1970ರ ದಶಕದಲ್ಲಿ ಮಂಡಳಿಯ ಹೊಣೆ ಹೊತ್ತು ಊರೂರು ತಿರುಗಿದರು. ಹರಿಶ್ಚಂದ್ರ, ಕರ್ಣ, ರಾಮ ಮುಂತಾದ ಪಾತ್ರಗಳಲ್ಲಿ ಅಬ್ಬರಕ್ಕಿಂತ ಒಳಗಿನ ತುಮುಲಕ್ಕೆ ಹೆಚ್ಚು ಬೆಲೆ ಕೊಟ್ಟರು. 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ರಂಗಶಿಕ್ಷಣ ಕೇಂದ್ರವನ್ನು ಸ್ಥಾಪಿಸಿ, ಕಲಿಕೆಯನ್ನು ಮೇಳದ ತಿರುಗಾಟದ ಆಕಸ್ಮಿಕಕ್ಕೆ ಬಿಡದೆ ಗುರುಕುಲದ ಕ್ರಮಕ್ಕೆ ಒಳಪಡಿಸಿದರು. ತಂದೆಗೆ ಸಂದ ಸಂಗೀತ ನಾಟಕ ಅಕಾಡೆಮಿಯ ಗೌರವ ಮಗನಿಗೂ ಸಂದಿತು.

ವೇಷದೊಳಗಿನ ವ್ಯಾಯಾಮ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಆಟ ಕೇವಲ ನೋಟವಲ್ಲ, ಅದು ಕಠಿಣ ಶ್ರಮ. ಕಿರೀಟ, ಭುಜಕೀರ್ತಿ, ಎದೆಕಟ್ಟು, ಸೊಂಟದ ಸುತ್ತ ಬಿಗಿದ ಬಟ್ಟೆ, ಕಾಲಿಗೆ ಗೆಜ್ಜೆ, ಇಷ್ಟನ್ನೂ ಹೊತ್ತು ಕಲಾವಿದ ಕುಣಿಯಬೇಕು. ಮಂಡಿಯೂರಿ ಸುತ್ತುವ ಮಂಡಿಕುಣಿತ, ನಿಂತಲ್ಲೇ ತಿರುಗುವ ಗಿರ್ಕಿ, ಯುದ್ಧದ ಓಟ ಇವೆಲ್ಲ ಬಡಗುತಿಟ್ಟಿನ ಬೆಡಗು. ಕುಣಿತ ಮುಗಿದ ಮರುಕ್ಷಣವೇ ಏದುಸಿರು ಪ್ರೇಕ್ಷಕರಿಗೆ ಕಾಣದಂತೆ ಅಡಗಿಸಿಕೊಂಡು, ದೊಡ್ಡ ದನಿಯಲ್ಲಿ ಅರ್ಥ ಹೇಳಬೇಕು. ಕರಾವಳಿಯ ಗಾಳಿಯಲ್ಲಿನ ತೇವದಿಂದಾಗಿ ಬೆವರು ಸುಲಭವಾಗಿ ಆರುವುದಿಲ್ಲ. ಬೆವರು ಆರದಿದ್ದರೆ ದೇಹ ತಂಪಾಗದು. ಆಗ ಚರ್ಮಕ್ಕೆ ಹೆಚ್ಚು ರಕ್ತ ಹರಿಸುವ ಕೆಲಸವೂ ಹೃದಯದ ಪಾಲಿಗೇ ಬರುತ್ತದೆ.

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಪಂಪು ಮಾಡುತ್ತದೆ. ಆರೋಗ್ಯವಂತ ಯುವಕನೊಬ್ಬ ಕಠಿಣ ಶ್ರಮಕ್ಕೆ ಇಳಿದಾಗ ಅದು 20 ಲೀಟರ್ ಅಥವಾ ಅದಕ್ಕೂ ಮೇಲೇರಬಲ್ಲದು. ವಿಶ್ರಾಂತಿಯಲ್ಲಿ ಆ ರಕ್ತದ ಐದನೆಯ ಒಂದು ಭಾಗದಷ್ಟು ಮಾತ್ರ ಸ್ನಾಯುಗಳಿಗೆ ಹೋದರೆ, ತೀವ್ರ ಶ್ರಮದಲ್ಲಿ ಶೇಕಡಾ 80ರಷ್ಟು ಅವುಗಳ ಕಡೆಗೆ ತಿರುಗುತ್ತದೆ. ಅದೇ ಹೊತ್ತಿಗೆ ಮೆದುಳಿಗೆ ಸಲ್ಲಬೇಕಾದ ಪಾಲು ಕಡಿಮೆಯಾಗಬಾರದು. ಕುಣಿಯುವವನು ಇದಾವುದನ್ನೂ ಯೋಚಿಸುವುದಿಲ್ಲ. ಅವನ ಗಮನವೆಲ್ಲ ತಾಳದ ಮೇಲೆ, ಪದ್ಯದ ಮೇಲೆ. ಈ ಹಂಚಿಕೆಯನ್ನು ನಿಭಾಯಿಸುವುದು ನರಮಂಡಲದ ಪರಾವರ್ತಿತ ಕ್ರಿಯೆಗಳು, ಅಂದರೆ ಇಚ್ಛೆಯ ಅಪ್ಪಣೆಗೆ ಕಾಯದೆ ತಾವಾಗಿಯೇ ನಡೆಯುವ ನರಗಳ ಪ್ರತಿಕ್ರಿಯೆಗಳು.

ಭಾಗವತನೂ ಹಿಮ್ಮೇಳವೂ

ವ್ಯಾಯಾಮ ಆರಂಭವಾದೊಡನೆ ಎದೆಬಡಿತ ಏರುವುದೇಕೆ ಎಂಬ ಪ್ರಶ್ನೆ ಒಂದು ಶತಮಾನಕ್ಕೂ ಹಳೆಯದು. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಮತ್ತು ಯೋಹಾನೆಸ್ ಲಿಂಡ್‌ಹಾರ್ಡ್ 1913ರಲ್ಲಿ ಗಮನಿಸಿದಂತೆ, ಶ್ರಮಕ್ಕೆ ಇಳಿದ ಕ್ಷಣಾರ್ಧದಲ್ಲೇ ಬಡಿತವೂ ಉಸಿರಾಟವೂ ಏರುತ್ತವೆ. ಸ್ನಾಯುಗಳಲ್ಲಿ ಹುಟ್ಟಿದ ರಾಸಾಯನಿಕಗಳು ರಕ್ತದಲ್ಲಿ ಹರಿದು ಹೃದಯವನ್ನು ತಲುಪಲು ಅಷ್ಟು ಸಮಯ ಸಾಲದು. ಹಾಗಾಗಿ ಸ್ನಾಯುಗಳಿಗೆ ಆಜ್ಞೆ ಕಳಿಸುವ ಮೆದುಳೇ ಹೃದಯದ ಕೇಂದ್ರಕ್ಕೂ ಸೂಚನೆ ಕೊಡುತ್ತದೆ ಎಂಬ ತೀರ್ಮಾನಕ್ಕೆ ವಿಜ್ಞಾನಿಗಳು ಬಂದರು. ಯಕ್ಷಗಾನ ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಭಾಗವತ ತಾಳದ ಗತಿಯನ್ನು ಏರಿಸಿದರೆ ಮದ್ದಳೆ, ಚಂಡೆ, ವೇಷಧಾರಿಯ ಹೆಜ್ಜೆ ಮೂರೂ ಒಟ್ಟಿಗೆ ಏರುತ್ತವೆ. ಒಬ್ಬರು ಇನ್ನೊಬ್ಬರಿಗಾಗಿ ಕಾಯುವುದಿಲ್ಲ.

ಹೃದಯಕ್ಕೆ ಎರಡು ಬಗೆಯ ನರಗಳಿವೆ. ವೇಗಸ್ ನರ ಬಡಿತವನ್ನು ತಡೆದು ನಿಧಾನಗೊಳಿಸುವ ಕಡಿವಾಣ. ಅನುವೇದನಾ ನರಗಳು ಅದನ್ನು ಓಡಿಸುವ ಚಾಟಿ. ಕುಣಿತದ ಮೊದಲ ಹೆಜ್ಜೆಗೆ ಮೆದುಳು ಚಾಟಿ ಬೀಸುವುದಿಲ್ಲ, ಕಡಿವಾಣವನ್ನು ಸಡಿಲಿಸುತ್ತದೆ. ಬಡಿತ ನಿಮಿಷಕ್ಕೆ 100ರ ಆಸುಪಾಸಿಗೆ ಬರುವವರೆಗೆ ಹೆಚ್ಚಿನ ಕೆಲಸ ಈ ಸಡಿಲಿಕೆಯದೇ. ಅದರಾಚೆಗೆ ಅನುವೇದನಾ ನರಗಳ ಪಾತ್ರ ಹೆಚ್ಚುತ್ತದೆ.

ಮೆದುಳಿನ ಆಜ್ಞೆ ಮಾತ್ರ ಸಾಲದು. ದುಡಿಯುವ ಸ್ನಾಯುಗಳಿಂದಲೂ ವರದಿ ಬರಬೇಕು. 1937ರಲ್ಲಿ ಈಜಿಪ್ಟಿನ ಕೈರೋದಲ್ಲಿ ಕೆಲಸ ಮಾಡುತ್ತಿದ್ದ ಆಲಂ ಮತ್ತು ಸ್ಮರ್ಕ್ ಎಂಬ ವೈದ್ಯವಿಜ್ಞಾನಿಗಳು ಇದನ್ನು ಸರಳ ಪ್ರಯೋಗದಿಂದ ತೋರಿಸಿದರು. ದುಡಿಯುತ್ತಿರುವ ಅವಯವಕ್ಕೆ ರಕ್ತದೊತ್ತಡ ಅಳೆಯುವ ಪಟ್ಟಿಯಂಥದನ್ನು ಬಿಗಿದು ರಕ್ತದ ಹರಿವನ್ನು ತಡೆದರು. ವ್ಯಾಯಾಮ ನಿಲ್ಲಿಸಿದ ಮೇಲೂ, ಪಟ್ಟಿ ಬಿಗಿದಿರುವಷ್ಟು ಹೊತ್ತು, ರಕ್ತದೊತ್ತಡ ಏರಿದ ಮಟ್ಟದಲ್ಲೇ ಉಳಿಯಿತು. ಪಟ್ಟಿ ಬಿಚ್ಚಿದಾಗ ಇಳಿಯಿತು. ಸ್ನಾಯುವಿನಲ್ಲಿ ಸಿಕ್ಕಿಕೊಂಡ ತ್ಯಾಜ್ಯ ರಾಸಾಯನಿಕಗಳನ್ನು ಗ್ರಹಿಸುವ ಸೂಕ್ಷ್ಮ ನರಗಳು, ತಮಗೆ ರಕ್ತ ಸಾಲದೆಂಬ ದೂರನ್ನು ಮೆದುಳಿಗೆ ಒಪ್ಪಿಸುತ್ತಲೇ ಇದ್ದವು. ಸ್ನಾಯುವಿನ ಎಳೆತ, ಒತ್ತಡಗಳನ್ನು ಗ್ರಹಿಸುವ ನರಗಳೂ ಇವೆ. ಇವೆರಡೂ ಸೇರಿ ರಕ್ತದೊತ್ತಡವನ್ನು ಏರಿಸಿ, ದುಡಿವ ಸ್ನಾಯುವಿಗೆ ರಕ್ತವನ್ನು ನೂಕುತ್ತವೆ.

ಮೂರನೆಯದು ಏರಿಕೆಗೆ ಅಂಕೆ ಹಾಕುವ ವ್ಯವಸ್ಥೆ. ದವಡೆಯ ಕೆಳಗೆ ಕುತ್ತಿಗೆಯ ಧಮನಿ ಕವಲೊಡೆಯುವಲ್ಲಿ ಮತ್ತು ಹೃದಯದಿಂದ ಹೊರಡುವ ಮಹಾಧಮನಿಯ ಬಾಗಿನಲ್ಲಿ, ರಕ್ತನಾಳದ ಗೋಡೆ ಹಿಗ್ಗುವುದನ್ನು ಅಳೆಯುವ ನರತುದಿಗಳಿವೆ. ಒತ್ತಡ ಏರಿದರೆ ಗೋಡೆ ಹಿಗ್ಗುತ್ತದೆ, ಮೆದುಳಿನ ಬುಡದ ಮೆಡುಲ್ಲಾಗೆ ಸುದ್ದಿ ಮುಟ್ಟುತ್ತದೆ, ಒಂದೆರಡು ಬಡಿತಗಳೊಳಗೆ ಹೃದಯ ನಿಧಾನವಾಗುತ್ತದೆ. ಬಿಗಿಯಾದ ಕಾಲರ್ ತೊಟ್ಟು ಕುತ್ತಿಗೆ ತಿರುಗಿಸಿದಾಗ ಕೆಲವು ಹಿರಿಯರಿಗೆ ತಲೆಸುತ್ತು ಬರುವುದು ಈ ನರತುದಿಗಳು ಒತ್ತಿಹೋಗುವುದರಿಂದಲೇ. ಹಾಗಿದ್ದರೆ ಕುಣಿಯುವಾಗ ಒತ್ತಡ ಏರಿದರೂ ಈ ಕಾವಲುಗಾರ ಏಕೆ ಬಡಿತವನ್ನು ತಗ್ಗಿಸುವುದಿಲ್ಲ? ಆ ಹೊತ್ತಿಗೆ ಕಾವಲುಗಾರ ನಿದ್ರಿಸುತ್ತಾನೆ ಎಂದು ಹಿಂದೆ ಭಾವಿಸಿದ್ದುಂಟು. ನಿಜದಲ್ಲಿ ಅವನು ಎಚ್ಚರವಾಗಿಯೇ ಇರುತ್ತಾನೆ. ಆದರೆ ಮೆದುಳು ಅವನಿಗೆ ಕೊಟ್ಟ ಗುರಿಮಟ್ಟವನ್ನೇ ಮೇಲಕ್ಕೆ ಸರಿಸಿರುತ್ತದೆ. ಆ ಹೊಸ ಮಟ್ಟದ ಸುತ್ತ ಅವನು ಮೊದಲಿನಷ್ಟೇ ನಿಷ್ಠೆಯಿಂದ ಕಾಯುತ್ತಾನೆ.

ನಮ್ಮ ದೇಶದ ವಿಜ್ಞಾನಿಯೊಬ್ಬರ ಹೆಸರೂ ಈ ಕಥೆಯಲ್ಲಿ ಬರುತ್ತದೆ. ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದು 2004ರಲ್ಲಿ ನಿಧನರಾದ ಅವತಾರ್ ಸಿಂಗ್ ಪೇಂಟಲ್, ಶ್ವಾಸಕೋಶದ ಲೋಮನಾಳಗಳ ಪಕ್ಕದಲ್ಲಿರುವ ನರತುದಿಗಳನ್ನು 1955ರಲ್ಲಿ ವರದಿ ಮಾಡಿದರು. ಇವು ಜೆ ಗ್ರಾಹಕಗಳೆಂದು ಹೆಸರಾದವು. ಶ್ವಾಸಕೋಶದಲ್ಲಿ ರಕ್ತದ ಒತ್ತು ಹೆಚ್ಚಿದಾಗ ಇವು ಏದುಸಿರನ್ನು ಉಂಟುಮಾಡಿ, ಕೈಕಾಲುಗಳ ಸ್ನಾಯುಗಳನ್ನು ಸಡಿಲಗೊಳಿಸಿ, ಅತಿಶ್ರಮಕ್ಕೆ ತಡೆ ಹಾಕುತ್ತವೆ ಎಂಬುದು ಅವರ ಪ್ರತಿಪಾದನೆ. ಏದುಸಿರು ಕಲಾವಿದನ ಶತ್ರುವಲ್ಲ, ದೇಹ ಕೊಡುವ ಎಚ್ಚರಿಕೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ಕುಣಿತ ನಿಂತ ಮೇಲೆ

ಕುಣಿಯುವುದಕ್ಕಿಂತ ಕುಣಿತ ನಿಲ್ಲಿಸುವುದು ಕೆಲವೊಮ್ಮೆ ಕಷ್ಟ. ಹೆಜ್ಜೆ ಹಾಕುವಾಗ ಕಾಲಿನ ಸ್ನಾಯುಗಳು ಪ್ರತಿ ಸಲ ಬಿಗಿದಾಗಲೂ ಅಭಿಧಮನಿಗಳಲ್ಲಿನ ರಕ್ತವನ್ನು ಮೇಲಕ್ಕೆ ಹಿಂಡುತ್ತವೆ. ಬಿಡ್ತಿಗೆ ಮುಗಿದು ವೇಷಧಾರಿ ತಟ್ಟನೆ ನಿಶ್ಚಲವಾಗಿ ನಿಂತರೆ ಈ ಹಿಂಡುವಿಕೆ ನಿಲ್ಲುತ್ತದೆ. ಹಿಗ್ಗಿದ ರಕ್ತನಾಳಗಳಲ್ಲಿ ರಕ್ತ ಕಾಲಿನಲ್ಲೇ ತಂಗುತ್ತದೆ. ಒತ್ತಡ ಕುಸಿಯದಂತೆ ಕಾವಲಿನ ನರಗಳು ಹೃದಯವನ್ನು ಓಡಿಸುತ್ತಲೇ ಇರಬೇಕಾಗುತ್ತದೆ. ಅದೇ ಹೊತ್ತಿಗೆ ಅರ್ಥಗಾರಿಕೆ ಬೇರೆ. ಕುಣಿತದಂಥ ಚಲನೆಯ ಶ್ರಮದಲ್ಲಿ ಮೇಲಿನ ಒತ್ತಡ ಮಾತ್ರ ಏರಿ ಕೆಳಗಿನದು ಹೆಚ್ಚು ಬದಲಾಗದು. ಆದರೆ ಬಿಲ್ಲನ್ನು ಎತ್ತಿ ಹಿಡಿದು ಬಿಗಿದು ನಿಲ್ಲುವಂಥ ಸ್ಥಿರ ಶ್ರಮದಲ್ಲಿ ಎರಡೂ ಏರುತ್ತವೆ. ಒಂದೇ ರಾತ್ರಿಯಲ್ಲಿ ಯಕ್ಷಗಾನ ಕಲಾವಿದನ ಹೃದಯ ಈ ಎರಡನ್ನೂ ಮತ್ತೆ ಮತ್ತೆ ದಾಟಬೇಕು.

ಭಾವವೂ ಹಗುರವಲ್ಲ. ರಂಗದ ಮೇಲಿನ ದುಃಖ ನಟನೆಯೇ ಆದರೂ, ಅದರಲ್ಲಿ ತೊಡಗಿದ ಮೆದುಳು ಹೃದಯಕ್ಕೆ ಕಳಿಸುವ ಸೂಚನೆ ನಟನೆಯಲ್ಲ. ಪಾತ್ರದೊಳಗೆ ಇಳಿದಷ್ಟೂ ನಾಡಿ ಏರುತ್ತದೆ. ಸಾಮಾನ್ಯರು ನಿದ್ರಿಸುವ ಹೊತ್ತಿನಲ್ಲಿ, ರಕ್ತದೊತ್ತಡ ಶೇಕಡಾ 10ರಿಂದ 20ರಷ್ಟು ಇಳಿದು ಹೃದಯ ವಿಶ್ರಾಂತಿ ಪಡೆಯುವ ಹೊತ್ತಿನಲ್ಲಿ, ಮೇಳದವರದ್ದು ಗರಿಷ್ಠ ದುಡಿಮೆ.

ಯೌವನದಲ್ಲಿ ದೇಹ ಇದನ್ನು ತಾಳಿಕೊಳ್ಳುತ್ತದೆ, ಅಭ್ಯಾಸದಿಂದ ಬಲವಾಗುತ್ತದೆ ಕೂಡ. ವಯಸ್ಸಾದಂತೆ ಲೆಕ್ಕ ಬದಲಾಗುತ್ತದೆ. ಹೃದಯ ತಲುಪಬಲ್ಲ ಗರಿಷ್ಠ ಬಡಿತ 20ರ ಹರೆಯದಲ್ಲಿ ನಿಮಿಷಕ್ಕೆ 200ರ ಆಸುಪಾಸಿನಲ್ಲಿದ್ದರೆ, 70ರಲ್ಲಿ ಸುಮಾರು 150ರಿಂದ 160ಕ್ಕೆ ಇಳಿದಿರುತ್ತದೆ. ಧಮನಿಗಳು ಪೆಡಸಾಗುವುದರಿಂದ ಗೋಡೆಯ ಹಿಗ್ಗನ್ನು ಅಳೆಯುವ ನರತುದಿಗಳ ಸೂಕ್ಷ್ಮತೆ ತಗ್ಗುತ್ತದೆ. ಇನ್ನೂ ಒಂದು ಸಂಗತಿಯಿದೆ. ಹೃದಯದ ಎಡ ಕೋಣೆಯ ಸ್ನಾಯುವಿಗೆ ರಕ್ತ ಹರಿಯುವುದು ಬಹುಪಾಲು ಅದು ಸಡಿಲಗೊಂಡ ಕ್ಷಣದಲ್ಲಿ, ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಬಡಿತ ಏರಿದಷ್ಟೂ ಆ ಬಿಡುವು ಕಿರಿದಾಗುತ್ತದೆ. ರಕ್ತನಾಳ ಕಿರಿದಾಗಿರುವ ಹೃದಯಕ್ಕೆ ಬೇಡಿಕೆ ಹೆಚ್ಚಿದ ಹೊತ್ತಿನಲ್ಲೇ ಪೂರೈಕೆ ಕಡಿಮೆಯಾಗುತ್ತದೆ. ಇಲ್ಲಿ ಪರಾವರ್ತಿತ ಕ್ರಿಯೆಗಳು ತಪ್ಪು ಮಾಡುವುದಿಲ್ಲ. ಅವು ತಮ್ಮ ಕರ್ತವ್ಯದಂತೆ ಹೃದಯವನ್ನು ಓಡಿಸುತ್ತವೆ. ಓಡುವ ಶಕ್ತಿ ಅದಕ್ಕೆ ಉಳಿದಿದೆಯೇ ಎಂದು ಕೇಳುವ ವ್ಯವಸ್ಥೆ ಅವುಗಳಲ್ಲಿಲ್ಲ.

ಇಡಗುಂಜಿಯ ಆ ರಾತ್ರಿ

2009ರ ಫೆಬ್ರವರಿ 2 ರಥಸಪ್ತಮಿ. ಇಡಗುಂಜಿಯ ಮಹಾಗಣಪತಿಯ ರಥೋತ್ಸವದ ದಿನ. ತಂದೆ ಕಟ್ಟಿದ ಮಂಡಳಿ ಯಾವ ದೇವರ ಹೆಸರು ಹೊತ್ತಿತ್ತೋ ಅದೇ ದೇವರ ಸನ್ನಿಧಿಯಲ್ಲಿ ಅಂದು ಆಟ. ಪ್ರಸಂಗ ಲವಕುಶ. ಎಪ್ಪತ್ತರ ವಯಸ್ಸಿನ ಶಂಭು ಹೆಗಡೆಯವರದ್ದು ರಾಮನ ಪಾತ್ರ. ತೊರೆದ ಮಡದಿಯ ನೆನಪಿನಲ್ಲಿ ಬೇಯುವ, ತನ್ನ ಮಕ್ಕಳೆಂದರಿಯದೆ ಅವರೆದುರು ನಿಲ್ಲುವ ರಾಮ. ಅವರ ಅಭಿನಯಕ್ಕೆ ಒಗ್ಗಿದ ಪಾತ್ರಗಳಲ್ಲಿ ಇದೂ ಒಂದು. ಆ ಪ್ರದರ್ಶನದ ನಡುವೆಯೇ ಅವರಿಗೆ ಎದೆನೋವು ಕಾಣಿಸಿಕೊಂಡಿತು. ಫೆಬ್ರವರಿ 3ರ ಬೆಳಗಾಗುವಷ್ಟರಲ್ಲಿ ಅವರು ಹೃದಯಾಘಾತದಿಂದ ಕೊನೆಯುಸಿರೆಳೆದ ಸುದ್ದಿ ಹೊನ್ನಾವರ, ಕುಮಟಾ, ಭಟ್ಕಳಗಳ ಮನೆಮನೆಗೆ ತಲುಪಿತ್ತು.

ರಂಗದಲ್ಲೇ ಬಂದ ಸಾವನ್ನು ಪುಣ್ಯವೆಂದು ಕೊಂಡಾಡುವುದು ನಮ್ಮ ರೂಢಿ. ಅಭಿಮಾನಿಗಳ ದುಃಖಕ್ಕೆ ಅದು ಸಮಾಧಾನ ಕೊಡುವುದೂ ನಿಜ. ಆದರೆ ಆ ಸಮಾಧಾನದ ನೆರಳಿನಲ್ಲಿ ಒಂದು ಹೊಣೆ ಮರೆತುಹೋಗುತ್ತದೆ. ವೇಷದಲ್ಲಿದ್ದಾಗ ಕುಸಿದ ಕಲಾವಿದರ ಸುದ್ದಿಗಳು ನಂತರದ ವರ್ಷಗಳಲ್ಲೂ ಕರಾವಳಿಯಿಂದ ಬಂದಿವೆ. ಎದೆಯಲ್ಲಿ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ಶ್ರಮಕ್ಕೆ ಮೀರಿದ ಬೆವರು, ಎಂದಿನದಲ್ಲದ ಏದುಸಿರು ಇವು ಕಾಣಿಸಿಕೊಂಡರೆ ಪದ್ಯ ಮುಗಿಯುವವರೆಗೂ ಕಾಯಬಾರದು. ಬೆವರು, ಏದುಸಿರು ಎರಡೂ ಕುಣಿಯುವವನಿಗೆ ನಿತ್ಯದ ಸಂಗಾತಿಗಳಾದ್ದರಿಂದ ಎಚ್ಚರಿಕೆಯ ಗಂಟೆ ಚಂಡೆಯ ಸದ್ದಿನಲ್ಲಿ ಕೇಳಿಸದೆ ಹೋಗುವ ಅಪಾಯ ಅವನಿಗೇ ಹೆಚ್ಚು.

ಇದರ ಜೊತೆಗೆ ದೂರದ ಪ್ರಶ್ನೆಯಿದೆ. ಹೊನ್ನಾವರದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಹೃದಯಾಘಾತದಲ್ಲಿ ಪ್ರತಿ ನಿಮಿಷಕ್ಕೂ ಸ್ನಾಯು ಸಾಯುತ್ತಿರುತ್ತದೆ. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು 2022ರ ಜುಲೈನಲ್ಲಿ, ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಉರುಳಿ ನಾಲ್ವರು ಮೃತಪಟ್ಟ ಮೇಲೆ, ಮತ್ತಷ್ಟು ಜೋರಾಯಿತು. ಹೃದಯಾಘಾತಕ್ಕೆ ತಾಲ್ಲೂಕು ಮಟ್ಟದಲ್ಲೇ ತುರ್ತು ಚಿಕಿತ್ಸೆ ಕೊಡುವ ಉದ್ದೇಶದ ಹೃದಯಜ್ಯೋತಿ ಯೋಜನೆಯನ್ನು ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 2023ರಲ್ಲಿ ಪ್ರಕಟಿಸಿತು. ರಾತ್ರಿಯಿಡೀ ಆಟ ನಡೆಯುವ ಬಯಲಿಗೂ ಆಸ್ಪತ್ರೆಗೂ ನಡುವಿನ ಅಂತರ ಎಷ್ಟು ಎಂದು ಸಂಘಟಕರು ಮೊದಲೇ ತಿಳಿದಿರಬೇಕಾದ ಅಗತ್ಯವನ್ನು ಯಾವ ಯೋಜನೆಯೂ ಇಲ್ಲವಾಗಿಸುವುದಿಲ್ಲ.

ಉಳಿದದ್ದು

ಶಂಭು ಹೆಗಡೆಯವರ ನಂತರ ಮಂಡಳಿಯ ಹೊಣೆ ಮಗ ಶಿವಾನಂದ ಹೆಗಡೆಯವರ ಹೆಗಲೇರಿತು. ಶ್ರೀಮಯ ಕೇಂದ್ರದಲ್ಲಿ ಪಾಠ ಮುಂದುವರಿಯಿತು. ಶಂಭು ಹೆಗಡೆಯವರ ಹೆಸರಿನ ರಾಷ್ಟ್ರೀಯ ನಾಟ್ಯೋತ್ಸವ ಗುಣವಂತೆಗೆ ದೇಶದ ನಾನಾ ಭಾಗಗಳ ಕಲಾವಿದರನ್ನು ಕರೆತಂದಿತು. 2024ರಲ್ಲಿ ಮಂಡಳಿಗೆ ಯುನೆಸ್ಕೋದ ಮಾನ್ಯತೆಯೂ ದೊರೆಯಿತು.

ಕಲಿಕೆಗೆ ಕ್ರಮ ಬೇಕು ಎಂಬುದು ಅವರ ಬದುಕಿನ ದೊಡ್ಡ ಪಾಠ. ಆ ಕ್ರಮದಲ್ಲಿ ದೇಹದ ಆರೈಕೆಗೂ ಜಾಗವಿರಬೇಕು ಎಂಬುದನ್ನು ಅವರ ಸಾವು ಸೇರಿಸಿತು. ಕುಣಿತಕ್ಕೆ ಮುನ್ನ ಮೈ ಸಡಿಲಿಸಿಕೊಳ್ಳುವುದು, ಕುಣಿತ ಮುಗಿದ ಮೇಲೆ ಚೌಕಿಗೆ ಹೋಗಿ ತಟ್ಟನೆ ಕೂರದೆ ಕೆಲವು ನಿಮಿಷ ನಿಧಾನವಾಗಿ ಅಡ್ಡಾಡುವುದು, ನೀರು ಕುಡಿಯುವುದು, ನಲವತ್ತು ದಾಟಿದವರು ತಿರುಗಾಟಕ್ಕೆ ಮುನ್ನ ರಕ್ತದೊತ್ತಡ, ಸಕ್ಕರೆ ಅಂಶ, ಇಸಿಜಿ ಪರೀಕ್ಷೆ ಮಾಡಿಸಿಕೊಳ್ಳುವುದು, ಇವಾವುವೂ ಕಲೆಗೆ ಅಡ್ಡಿಯಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡಿನ ವೈದ್ಯರು ಸುಮಾರು 2,400 ಮಂದಿಯನ್ನು ಗಮನಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶ್ರಮ ನಿಲ್ಲಿಸಿದ ಮೊದಲ ನಿಮಿಷದಲ್ಲಿ ಬಡಿತ 12ಕ್ಕಿಂತ ಹೆಚ್ಚು ಇಳಿಯದವರಿಗೆ ಮುಂದಿನ ವರ್ಷಗಳಲ್ಲಿ ಸಾವಿನ ಅಪಾಯ ಹೆಚ್ಚು. ಕಡಿವಾಣ ಹಿಡಿಯುವ ವೇಗಸ್ ನರ ದುರ್ಬಲವಾಗಿರುವುದರ ಸೂಚನೆಯದು. ವೈದ್ಯರ ಎದುರು ಟ್ರೆಡ್‌ಮಿಲ್ ಮೇಲೆ ನಡೆದರೆ ಈ ಸಂಗತಿ ತಿಳಿಯುತ್ತದೆ.

ಗುರು ಶಿಷ್ಯನಿಗೆ ಹೆಜ್ಜೆ ಕಲಿಸುವಾಗ ತಾಳ ತಪ್ಪದಂತೆ ಎಚ್ಚರಿಸುತ್ತಾನೆ. ತನ್ನೊಳಗೆ ಬಡಿಯುವ ಇನ್ನೊಂದು ತಾಳಕ್ಕೂ ಕಿವಿಗೊಡಲು ಕಲಿಸಿದರೆ, ಗುಣವಂತೆಯ ಆ ಹಿರಿಯ ಕಲಾವಿದ ಕಟ್ಟಿದ ಶಿಕ್ಷಣದ ಕ್ರಮಕ್ಕೆ ಅದು ಸಲ್ಲುವ ಸೇರ್ಪಡೆಯಾಗುತ್ತದೆ.